ಇನ್ನೊಬ್ಬರ ದನಿಯಲ್ಲಿ ಮೂವತ್ತು ವರ್ಷ

ಕೊಡಗಿನ ಮೂರ್ನಾಡಿನ ತರಕಾರಿ ಅಂಗಡಿಗೆ ಹೊಸಬರು ಯಾರಾದರೂ ಬಂದಿದ್ದರೆ ನನ್ನನ್ನು ಎರಡು ಸಲ ನೋಡುತ್ತಾರೆ. ಮೊದಲ ಸಲ, ಈ ಮುಖವನ್ನು ಎಲ್ಲೋ ಕಂಡ ಹಾಗಿದೆಯಲ್ಲ ಎಂದು. ಎರಡನೆಯ ಸಲ, ನಾನು "ಅರ್ಧ ಕಿಲೋ ಬೆಂಡೆಕಾಯಿ ಕೊಡಿ" ಎಂದ ಮೇಲೆ. ಆ ಎರಡನೆಯ ನೋಟದಲ್ಲಿ ಸ್ವಲ್ಪ ಅನುಮಾನ ಇರುತ್ತದೆ. ಟಿ.ವಿ.ಯ ಸಿನಿಮಾಗಳಲ್ಲಿ ಅಷ್ಟು ಗಂಭೀರವಾಗಿ, ತುಂಬು ದನಿಯಲ್ಲಿ, ಅಚ್ಚ ಮೈಸೂರು ಕನ್ನಡದಲ್ಲಿ ತೀರ್ಪು ಹೇಳುವ ನ್ಯಾಯಾಧೀಶ ಇವನೇ ಹೌದಾದರೆ, ಈ ಸಣ್ಣ ಗಂಟಲು, ಈ ಮಲೆಯಾಳದ ರಾಗ ಎಲ್ಲಿಂದ ಬಂತು? ಕೆಲವರು ಕೇಳಿಯೇ ಬಿಡುತ್ತಾರೆ: "ಸಾರ್, ನೀವು ಅವರ ತಮ್ಮನಾ?" ಒಂದೆರಡು ಸಲ ಹೌದು ಎಂದಿದ್ದೇನೆ. ವಿವರಿಸುವುದಕ್ಕಿಂತ ಅದು ಸುಲಭ.

ನಾನು ಹುಟ್ಟಿದ್ದು ಮಾಕುಟ್ಟದ ಘಾಟಿ ಇಳಿದರೆ ಸಿಗುವ ಕೇರಳದ ಒಂದು ಊರಿನಲ್ಲಿ. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಹೋಗಿದ್ದರು. ತಿತಿಮತಿಯ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ನನ್ನ ಸೋದರಮಾವ ಕಾಳುಮೆಣಸು ಕುಯ್ಯುವ ಕೆಲಸದಲ್ಲಿದ್ದರು. ನನಗೆ ಹದಿನಾರು ತುಂಬಿದಾಗ ಮಾವ ಬಂದು, ಒಂದು ಅಂಗಿ, ಎರಡು ಮುಂಡು ಕಟ್ಟಿಸಿಕೊಂಡು, ನನ್ನನ್ನು ಘಾಟಿ ಹತ್ತಿಸಿದರು. ಅಮ್ಮ ಬಸ್ಸಿನ ಕಿಟಕಿಯ ಹತ್ತಿರ ನಿಂತು "ಪೋಟ್ಟೆ, ಪೋಟ್ಟೆ" ಎನ್ನುತ್ತಿದ್ದಳು. ನಮ್ಮ ಭಾಷೆಯಲ್ಲಿ ಅದಕ್ಕೆ 'ಹೋಗಲಿ ಬಿಡು' ಎಂದರ್ಥ. ಮಕ್ಕಳು ಬಿದ್ದಾಗ, ಹಾಲು ಚೆಲ್ಲಿದಾಗ, ಯಾರಾದರೂ ಸತ್ತಾಗ, ಎಲ್ಲದಕ್ಕೂ ಅವಳ ಬಾಯಲ್ಲಿ ಅದೊಂದೇ ಮಾತು.

ಎಸ್ಟೇಟಿನ ಕೂಲಿಗಳ ಲೈನ್ ಮನೆಯಲ್ಲಿ ಮಾವನ ಜೊತೆ ಮೂರು ವರ್ಷ ಇದ್ದೆ. ಒಂಟಿ ಬಿದಿರಿನ ಏಣಿಯನ್ನು ಮರಕ್ಕೆ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಮೆಣಸು ಕುಯ್ಯುತ್ತಿದ್ದೆ. ಪಕ್ಕದ ಮರದಲ್ಲಿ ತಮಿಳು, ಕೆಳಗೆ ಎರವ ಬುಡಕಟ್ಟಿನವರ ಮಾತು, ಕಣದ ಹತ್ತಿರ ಕೊಡವ, ಆಫೀಸಿನ ಮುಂದೆ ಕನ್ನಡ. ಮೇಲಿನಿಂದ ಎಲ್ಲವೂ ಕೇಳುತ್ತಿತ್ತು. ನಾನು ಮರದ ಮೇಲೆ ಕೂತು ಒಬ್ಬೊಬ್ಬರ ಹಾಗೆಯೂ ಮಾತಾಡುತ್ತಿದ್ದೆ. ಬೆಳಿಗ್ಗೆ ಹಾಜರಿ ಕೂಗುವ ರೈಟರನ್ನು, ಅಂದರೆ ಎಸ್ಟೇಟಿನ ಗುಮಾಸ್ತರನ್ನು, ಅಣಕಿಸಿದರೆ ಕೆಳಗಿದ್ದವರು ಚೀಲ ಇಟ್ಟು ನಗುತ್ತಿದ್ದರು. ಒಂದು ದಿನ ನಗು ಇದ್ದಕ್ಕಿದ್ದಂತೆ ನಿಂತಿತು. ಕೆಳಗೆ ನೋಡಿದರೆ ರೈಟರ್ ನಿಂತಿದ್ದಾರೆ.

"ಇಳಿ" ಎಂದರು.

ಇಳಿದೆ. ಕೆಲಸ ಹೋಯಿತು ಎಂದೇ ತಿಳಿದಿದ್ದೆ.

"ಇನ್ನೊಂದ್ಸಲ ಮಾಡು, ನೋಡಣ."

ಮಾಡಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ನನ್ನ ನಡಿಗೆ ಸರಿ ಹಿಡ್ದಿದೀಯ. ಮಾತು ಮಾತ್ರ ನಂದಲ್ಲ, ನಿಮ್ಮೂರಿಂದು" ಎಂದರು.

ರೈಟರ್ ಶಿರಂಗಾಲದ ಕಡೆಯವರು. ನಾಟಕದ ಹುಚ್ಚು ಎಷ್ಟಿತ್ತೆಂದರೆ, ಕಾಫಿ ತೂಗುವಾಗಲೂ ರಂಗಗೀತೆ ಗುನುಗುತ್ತಿದ್ದರು. ಆ ವರ್ಷ ಎಸ್ಟೇಟಿನಲ್ಲಿ ಅವರು ಆಡಿಸಿದ ನಾಟಕದಲ್ಲಿ ನನಗೆ ಸೇವಕನ ಪಾತ್ರ ಕೊಟ್ಟರು. ನನಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ಮಲೆಯಾಳದ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆ. ಮುಂದಿನ ವರ್ಷ ಗೋಣಿಕೊಪ್ಪಲಿನಲ್ಲಿ ಉತ್ತರ ಕರ್ನಾಟಕದ ಒಂದು ನಾಟಕ ಕಂಪನಿ ಡೇರೆ ಹಾಕಿದಾಗ, ರೈಟರೇ ಭಾನುವಾರ ರಜೆ ನೋಡಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು.

ಕಂಪನಿಯ ಮಾಲೀಕರು ಹಗಲು ಹೊತ್ತಿನಲ್ಲಿ ಖಾಲಿ ಕುರ್ಚಿಗಳ ಮಧ್ಯೆ ಕೂತು ಎಲೆಯಡಿಕೆ ಹಾಕುತ್ತಿದ್ದರು. "ಅಳು" ಎಂದರು. ಅತ್ತೆ. "ಬಿದ್ದು ಸಾಯಿ" ಎಂದರು. ಬಿದ್ದು ಸತ್ತೆ. "ಈಗ ಒಂದು ಮಾತು ಹೇಳು" ಎಂದರು. ಹೇಳಿದೆ. ಪರದೆ ಕಟ್ಟುತ್ತಿದ್ದವರೂ ಕೆಲಸ ನಿಲ್ಲಿಸಿ ನಕ್ಕರು.

"ಇಟ್ಕೋರಿ ಇವನ್ನ" ಎಂದರು ಮಾಲೀಕರು. "ಬಾಯಿ ಬಿಟ್ರ ಸಾಕು, ಮಂದಿ ನಗ್ತಾರ."

ಮಾವನಿಗೆ ಹೇಳಿದಾಗ ಅವರು ಅನ್ನದ ತಟ್ಟೆಯಿಂದ ತಲೆ ಎತ್ತಲಿಲ್ಲ. ಹೋದರೆ ತಿರುಗಿ ಬರಬೇಡ ಎಂದಷ್ಟೇ ಹೇಳಿದರು. ನಾನು ಹೋದೆ.

ಹನ್ನೆರಡು ವರ್ಷ ಆ ಕಂಪನಿಯ ಜೊತೆ ಊರೂರು ಅಲೆದೆ. ಚಹಾ ಅಂಗಡಿಯವ, ತಲೆಕೆಟ್ಟ ಡಾಕ್ಟರು, ಕಿವುಡ ಮಾವ. ಬಾಯಿ ಬಿಟ್ಟರೆ ಜನ ನಗುತ್ತಿದ್ದರು. ಮೊದಲ ಎರಡು ಮೂರು ವರ್ಷ ಆ ನಗು ನನ್ನದೇ ಸಂಪಾದನೆ ಎಂದುಕೊಂಡು ಹಿಗ್ಗಿದೆ. ಆಮೇಲೆ ದಾವಣಗೆರೆಯ ಕ್ಯಾಂಪಿನಲ್ಲಿ ಒಂದು ಘಟನೆ ನಡೆಯಿತು.

ನಾಟಕದಲ್ಲಿ ಮಗನನ್ನು ಕಳೆದುಕೊಳ್ಳುವ ತಂದೆಯ ಪಾತ್ರ ಮಾಡುವವರು ಜ್ವರ ಬಂದು ಮಲಗಿಬಿಟ್ಟರು. ಬೇರೆ ಯಾರಿಗೂ ಆ ಮಾತುಗಳು ಬಾಯಿಪಾಠ ಇರಲಿಲ್ಲ. ನನಗಿತ್ತು, ನನಗೆ ಎಲ್ಲರ ಮಾತೂ ಬಾಯಿಪಾಠ ಇರುತ್ತಿತ್ತು. ಮಾಲೀಕರು ಅನುಮಾನಿಸುತ್ತಲೇ ಒಪ್ಪಿದರು. ಹಿಂದಿನ ರಾತ್ರಿ ನಿದ್ದೆ ಮಾಡದೆ ಪ್ರತಿಯೊಂದು ಅಕ್ಷರವನ್ನೂ ತಿದ್ದಿಕೊಂಡೆ. ಮಗನ ಹೆಣ ತಂದು ಮುಂದೆ ಇಡುವ ದೃಶ್ಯದವರೆಗೂ ಎಲ್ಲ ಚೆನ್ನಾಗಿಯೇ ನಡೆಯಿತು, ಜನ ಉಸಿರು ಹಿಡಿದು ಕೂತಿದ್ದರು. ಅಲ್ಲಿ 'ಮಗನೇ' ಎಂದು ಕೂಗಬೇಕು. ನಾನು ಮೊಣಕಾಲೂರಿ ಕೂತೆ, ಆ ಹೆಣದ ಮುಖ ನೋಡಿದೆ. ನನ್ನ ಬಾಯಿಂದ ಬಂದದ್ದು "ಮೋನೇ!" ಎಂಬ ಮಾತು. ನಮ್ಮ ಕಡೆ ಮಗನನ್ನು ಹಾಗೆಯೇ ಕರೆಯುವುದು. ಅದಕ್ಕಿಂತ ನಿಜವಾಗಿ ನಾನು ಯಾವ ಮಾತನ್ನೂ ರಂಗದ ಮೇಲೆ ಆಡಿರಲಿಲ್ಲ.

ಜನ ಹೋ ಎಂದು ನಕ್ಕರು. ಹಿಂದಿನ ಸಾಲಿನಿಂದ ಯಾರೋ "ಮೋನೇ" ಎಂದು ತಿರುಗಿ ಕೂಗಿದರು. ಹೆಣವಾಗಿ ಮಲಗಿದ್ದವನ ಹೊಟ್ಟೆಯೂ ಕುಲುಕುತ್ತಿತ್ತು.

ಪರದೆ ಬಿದ್ದ ಮೇಲೆ ಪೆಟ್ಟಿಗೆಗಳ ಹಿಂದೆ ಹೋಗಿ ಕೂತೆ. ನನ್ನ ಹೆಂಡತಿಯ ಪಾತ್ರ ಮಾಡುತ್ತಿದ್ದ ಹಿರಿಯ ನಟಿ, ನಾವೆಲ್ಲ ಅಕ್ಕಾ ಎಂದು ಕರೆಯುತ್ತಿದ್ದವರು, ಬಣ್ಣ ಒರೆಸಿಕೊಳ್ಳದೆಯೇ ಬಂದು ಪಕ್ಕದಲ್ಲಿ ಕೂತರು.

"ಅವ್ರು ನಿನ್ನ ದುಃಖಕ್ಕ ನಕ್ಕಿಲ್ಲೋ ತಮ್ಮಾ, ಆ ಮಾತಿಗೆ ನಕ್ರು" ಎಂದರು.

"ಎರಡೂ ಒಂದೇ ಅಕ್ಕಾ."

"ಒಂದ ಅಲ್ಲ. ನಿನ್ನ ಮಾರಿ ಛಲೋ ಐತಿ. ಹೆಣದ ಮುಂದ ಕುಂತಿದ್ದಿ ನೋಡು, ನನಗ ಕಣ್ಣಾಗ ನೀರು ಬಂತು. ಮಾತು ಕಮ್ಮಿ ಮಾಡು. ಮಾರಿ ಹೇಳ್ಲಿ."

ಅವರು ಹೇಳಿದ್ದನ್ನು ನಾನು ಪಾಲಿಸಿದೆ, ಅತಿಯಾಗಿಯೇ ಪಾಲಿಸಿದೆ. ಇದ್ದ ಮಾತುಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಸುಮ್ಮನೆ ನಿಲ್ಲುವುದನ್ನು ಕಲಿತೆ. ಯಾರೋ ಬೈಯುವಾಗ ಕೇಳಿಸಿಕೊಳ್ಳುವುದು ಹೇಗೆ, ಕೆಟ್ಟ ಸುದ್ದಿ ಬರುವ ಮೊದಲೇ ಅದು ಗೊತ್ತಾದವನ ಹಾಗೆ ನಿಲ್ಲುವುದು ಹೇಗೆ, ಇಂಥವು. ರಂಗದ ಮೇಲೆ ಕಲಿತದ್ದು ಹೊರಗೂ ಬಂತು. ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಲಾಡ್ಜಿನಲ್ಲಿ ನಾನು ಮಾತು ಕಡಿಮೆ ಮಾಡಿದೆ. ಕಂಪನಿಯವರು ಅದನ್ನು ಜಂಬ ಎಂದುಕೊಂಡರು.

ಜನ ನಾಟಕಕ್ಕೆ ಬರುವುದು ಕಡಿಮೆಯಾಗಿ ಕಂಪನಿ ಮುಚ್ಚುವ ಹೊತ್ತಿಗೆ, ಒಬ್ಬ ಸಿನಿಮಾ ನಿರ್ದೇಶಕರು ನನ್ನನ್ನು ನೋಡಿದ್ದರು. ಕೊಡಗಿನಲ್ಲೇ ಚಿತ್ರೀಕರಣ, ಎಸ್ಟೇಟ್ ರೈಟರನ ಪಾತ್ರ. ನನ್ನ ಹಳೆಯ ರೈಟರನ್ನು ನೆನೆದುಕೊಂಡು ಮಾಡಿದೆ. ಆಡಬೇಕಾದ ಮಾತನ್ನೆಲ್ಲ ಕ್ಯಾಮೆರಾ ಮುಂದೆ ಆಡಿದೆ, ನಿರ್ದೇಶಕರು ಬೆನ್ನು ತಟ್ಟಿದರು. ಸಿನಿಮಾ ಗೋಣಿಕೊಪ್ಪಲಿನ ಟಾಕೀಸಿಗೆ ಬಂದಾಗ ತಿತಿಮತಿಗೆ ಹೋಗಿ ಮಾವನ ಮುಂದೆ ನಿಂತೆ. ತಿರುಗಿ ಬರಬೇಡ ಎಂದಿದ್ದ ಮನುಷ್ಯ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಒಳಗೆ ಹೋಗಿ ಒಗೆದ ಅಂಗಿ ಹಾಕಿಕೊಂಡು ಬಂದರು. ಮ್ಯಾಟಿನಿಗೆ ಹೋದೆವು.

ತೆರೆಯ ಮೇಲೆ ನನ್ನ ಮುಖ ಬಂತು. ಮಾವ ನನ್ನ ಮೊಣಕೈ ಹಿಡಿದರು. ತೆರೆಯ ಮೇಲಿನ ನಾನು ಬಾಯಿ ತೆರೆದೆ. ತುಂಬಿದ, ಆಳವಾದ, ತಪ್ಪೇ ಇಲ್ಲದ ಕನ್ನಡ ಟಾಕೀಸನ್ನೆಲ್ಲ ತುಂಬಿತು. ಅದು ನನ್ನ ದನಿಯಲ್ಲ. ನನಗೆ ಯಾರೂ ಹೇಳಿರಲಿಲ್ಲ.

ಮಾವ ನನ್ನ ಕಡೆ ವಾಲಿ ಮಲೆಯಾಳದಲ್ಲಿ ಕೇಳಿದರು: "ಇದು ಯಾರದು?"

"ನಂದೇ" ಎಂದೆ.

ಅವರು ಮೊಣಕೈ ಬಿಟ್ಟರು.

ಆ ಸಿನಿಮಾದಿಂದ ನನಗೆ ಹೆಸರು ಬಂತು, ಆ ದನಿಯ ಜೊತೆಗೇ ಬಂತು. ಮುಂದಿನ ನಿರ್ದೇಶಕರಿಗೂ ಅದೇ ಬೇಕಾಯಿತು. ಡಬ್ಬಿಂಗ್ ಮಾಡಿದವರು ಬೆಂಗಳೂರಿನ ಒಬ್ಬ ಕಲಾವಿದರು, ಆಕಾಶವಾಣಿಯಲ್ಲಿ ನಾಟಕ ಮಾಡಿ ಪಳಗಿದವರು ಎಂದು ತಿಳಿಯಿತು. ನ್ಯಾಯಾಧೀಶ, ಹೆಡ್‌ಮಾಸ್ತರ, ವಧುವಿನ ತಂದೆ, ನಿವೃತ್ತ ಪೊಲೀಸ್: ಮೂವತ್ತು ವರ್ಷ ನಾನು ತುಟಿ ಅಲ್ಲಾಡಿಸಿದೆ, ಅವರು ಮಾತಾಡಿದರು. ಮದುವೆ ಮನೆಯಲ್ಲಿ ಯಾರಾದರೂ "ಒಂದು ಡೈಲಾಗ್ ಹೇಳಿ ಸಾರ್" ಎಂದು ಹಿಡಿದುಕೊಂಡರೆ ಗಂಟಲು ತೋರಿಸಿ ನೆಗಡಿ ಎನ್ನುತ್ತಿದ್ದೆ. ಮೂವತ್ತು ವರ್ಷ ನೆಗಡಿ ವಾಸಿಯಾಗದ ಮನುಷ್ಯ ನಾನೊಬ್ಬನೇ ಇರಬೇಕು.

ಬೆಂಗಳೂರಿನಲ್ಲಿ ನೆಲೆಸುವ ಮನಸ್ಸಾಗಲಿಲ್ಲ. ಊರಿಗೆ ಹೋಗಿ ಇರೋಣ ಎಂದುಕೊಂಡು ಅಮ್ಮ ತೀರಿಕೊಂಡ ವರ್ಷ ಘಾಟಿ ಇಳಿದೆ. ತಂಗಿಯ ಮನೆಯಲ್ಲಿ ಎರಡು ತಿಂಗಳು ಇದ್ದೆ. ನಾನು ಊಟಕ್ಕೆ ಕೂತು ಏನಾದರೂ ಕೇಳಿದರೆ ಅವಳ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಒಂದು ದಿನ ತಂಗಿ ಹೇಳಿದಳು, "ಅಣ್ಣಾ, ಬೇಜಾರು ಮಾಡಬೇಡ. ನಿನ್ನ ಮಲೆಯಾಳ ಕನ್ನಡದವರು ಆಡಿದ ಹಾಗಿದೆ. ಅದಕ್ಕೆ ಅವರಿಗೆ ನಗು." ನಾನೂ ಅವರ ಜೊತೆ ನಕ್ಕೆ. ಮರುವಾರ ಬ್ಯಾಗು ತೆಗೆದುಕೊಂಡು ಮತ್ತೆ ಘಾಟಿ ಹತ್ತಿದೆ. ಕೊಡಗಿನಲ್ಲಿ ಒಂದು ಅನುಕೂಲ ಇದೆ. ಇಲ್ಲಿ ಸಂತೆಗೆ ಬಂದ ಅರ್ಧ ಜನರ ಕನ್ನಡ ಇನ್ನೊಂದು ಭಾಷೆಯ ಮೇಲೆ ಒರಗಿಕೊಂಡೇ ನಿಂತಿರುತ್ತದೆ. ಮೂರ್ನಾಡಿನಲ್ಲಿ ದಿನಸಿ ಅಂಗಡಿಯ ಮೇಲಿನ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ಶೂಟಿಂಗ್ ಇದ್ದಾಗ ಬೆಳಗಿನ ಬಸ್ಸು, ಮುಗಿದ ಮೇಲೆ ಮತ್ತೆ ಇಲ್ಲಿಗೆ. ಮದುವೆಯಾಗಲಿಲ್ಲ. ಒಂದೆರಡು ಕಡೆ ಮಾತು ನಡೆದದ್ದುಂಟು. ಒಂದು ಮನೆಯವರು ಬಂದು, ಕಾಫಿ ಕುಡಿದು, ನಾನು ಆಡಿದ ನಾಲ್ಕು ಮಾತು ಕೇಳಿ, ಫೋನ್ ಮಾಡುತ್ತೇವೆ ಎಂದು ಹೋದರು. ಅವರಿಗೆ ಯಾವ ದನಿಯ ಅಳಿಯ ಬೇಕಿತ್ತೋ ನನಗೆ ಗೊತ್ತು.

ಆ ಡಬ್ಬಿಂಗ್ ಕಲಾವಿದರನ್ನು ನಾನು ಒಂದು ಸಲವೂ ನೋಡಲಿಲ್ಲ. ನೋಡಬೇಕು ಎಂದರೆ ಆಗದ ಕೆಲಸವೇನಲ್ಲ. ಒಳಗೆ ಸಿಟ್ಟಿತ್ತು. ಪ್ರಶಸ್ತಿ ಸಮಾರಂಭವೊಂದರಲ್ಲಿ "ಇವರ ಕಂಚಿನ ಕಂಠ" ಎಂದು ನನ್ನನ್ನು ಹೊಗಳಿದಾಗ, ಕೈಮುಗಿದು ತಲೆಯಾಡಿಸಿ ಕೆಳಗಿಳಿದಿದ್ದೆ. ಆ ಅವಮಾನಕ್ಕೆ ಯಾರನ್ನಾದರೂ ಬೈಯಬೇಕಿತ್ತು, ಕಾಣದ ಅವರು ಸಿಕ್ಕಿದರು.

ಒಂದು ಮಧ್ಯಾಹ್ನ ಅವರೇ ಫೋನ್ ಮಾಡಿದರು. "ನಮಸ್ಕಾರ. ನಿಮಗೆ ನಾನು ಗೊತ್ತಿಲ್ಲ, ನನಗೆ ನೀವು ಚೆನ್ನಾಗಿ ಗೊತ್ತು" ಎಂದ ಕೂಡಲೇ ನನಗೆ ಮೈ ಜುಮ್ ಎಂದಿತು. ಟಾಕೀಸಿನಲ್ಲಿ ಕೇಳಿದ ದನಿ ನನ್ನ ಕಿವಿಯಲ್ಲೇ ಇತ್ತು.

"ಹೇಳಿ" ಎಂದೆ.

"ಈಗ ನಿಮ್ಮ ಹೊಸ ಸಿನಿಮಾದ ಡಬ್ಬಿಂಗ್ ನಡೀತಿದೆ. ನಿಮ್ಮ ಅಣ್ಣ ತೀರಿಹೋಗೋ ಸೀನು. ಹಾಸಿಗೆ ಪಕ್ಕ ಕೂತು ಅವರ ಕೈ ಇಳಿಸ್ತೀರಲ್ಲ, ಅಲ್ಲಿ ನಿಮ್ಮ ತುಟಿ ಅಲ್ಲಾಡಿದೆ. ಸ್ಕ್ರಿಪ್ಟಲ್ಲಿ ಮಾತಿಲ್ಲ. ಶೂಟಿಂಗಲ್ಲಿ ರೆಕಾರ್ಡ್ ಆಗಿದ್ದರಲ್ಲೂ ಸರಿಯಾಗಿ ಕೇಳಿಸ್ತಿಲ್ಲ. ಏನು ಹೇಳಿದ್ರಿ ಸಾರ್?"

ನಾನು ಹೇಳಿದ್ದು "ಪೋಟ್ಟೆ" ಎಂದು. ಅಮ್ಮನ ಮಾತು. ಹೇಳಿದೆ ಎಂಬುದೂ ನನಗೆ ಆಗಲೇ ನೆನಪಾದದ್ದು. ದಾವಣಗೆರೆಯ ಆ ಹಿಂದಿನ ಸಾಲಿನ ಕೂಗು ಕಿವಿಯಲ್ಲಿ ಕೇಳಿದ ಹಾಗಾಯಿತು.

"ಏನೂ ಹೇಳಿಲ್ಲ. ಕೆಮ್ಮಿದೆ" ಎಂದೆ.

"ಕೆಮ್ಮಿದ ಹಾಗೆ ಕಾಣ್ತಿಲ್ಲ. ಏನೋ ದೊಡ್ಡ ಮಾತೇ ಇದೆ ಅಲ್ಲಿ. ಹೇಳಿದ್ರೆ ಹಾಗೇ ಹೇಳ್ತೀನಿ ನಾನು."

"ಕೆಮ್ಮಿದ್ದೇ. ಬಸ್ಸಿಗೆ ಹೊತ್ತಾಯ್ತು" ಎಂದು ಇಟ್ಟುಬಿಟ್ಟೆ. ಯಾವ ಬಸ್ಸೂ ಇರಲಿಲ್ಲ.

ಆ ಸಿನಿಮಾದಲ್ಲಿ ಅಣ್ಣ ಸತ್ತಾಗ ನಾನು ಕೆಮ್ಮುತ್ತೇನೆ. ಈಗಲೂ ಟಿ.ವಿ.ಯಲ್ಲಿ ಹಾಕುತ್ತಾರೆ, ನೋಡಬಹುದು.

ಅದಾಗಿ ಏಳೆಂಟು ವರ್ಷ ಅವರು ನನಗೆ ದನಿ ಕೊಡುತ್ತಲೇ ಇದ್ದರು. ಮತ್ತೆ ಫೋನ್ ಮಾಡಲಿಲ್ಲ. ಆಗ ನಾನೊಂದು ಧಾರಾವಾಹಿಯಲ್ಲಿ ಮನೆಯ ಹಿರಿಯನ ಪಾತ್ರ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಅಲ್ಲಿನ ಪ್ರೊಡಕ್ಷನ್ ಮ್ಯಾನೇಜರ್ ಫೋನ್ ಮಾಡಿ ಹೇಳಿದ: "ಸಾರ್, ನಿಮ್ಮ ವಾಯ್ಸ್ ಹೋಗ್ಬಿಟ್ರು. ಮೊನ್ನೆ ಹಾರ್ಟ್ ಅಟ್ಯಾಕ್. ಈ ವಾರ ಶೂಟಿಂಗ್ ಬೇಡ, ಬೇರೆಯವರನ್ನ ಹುಡುಕ್ತಿದೀವಿ."

ಕೆಳಗಿನ ಅಂಗಡಿಯಲ್ಲಿ ಅಕ್ಕಿ ಚೀಲ ಇಳಿಸುವ ಸದ್ದು ಕೇಳುತ್ತಿತ್ತು. ನಾನು ಫೋನ್ ಹಿಡಿದುಕೊಂಡೇ ನಿಂತಿದ್ದೆ. ಯಾರಿಗಾದರೂ ಹೇಳಬೇಕು ಎನಿಸಿತು. ಏನೆಂದು ಹೇಳುವುದು? ಅವರು ನನಗೆ ಬಂಧುವಲ್ಲ, ಸ್ನೇಹಿತರಲ್ಲ. ಅಂಗಡಿಯವರಿಗೆ ಹೇಳಿದರೆ, ನಿಮ್ಮ ದನಿ ನಿಮ್ಮದಲ್ಲವಾ ಎಂದು ಅಲ್ಲಿಂದಲೇ ಶುರುಮಾಡಬೇಕು. ಮೂರು ದಿನ ಸುಮ್ಮನಿದ್ದು, ನಾಲ್ಕನೆಯ ದಿನ ವಿಳಾಸ ಕೇಳಿಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ.

ಚಿಕ್ಕ ಮನೆ, ಮುಂದೆ ತುಳಸಿ ಕುಂಡ. ಬಾಗಿಲು ತೆರೆದವರು ಅವರ ಹೆಂಡತಿ. ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು. ನನ್ನ ಮುಖ ನೋಡಿದವರೇ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಬನ್ನಿ" ಎಂದರು, ನಾನು ಯಾರು ಎಂದು ಹೇಳುವ ಮೊದಲೇ.

ಒಳಗೆ ಫೋಟೋಕ್ಕೆ ಹಾರ ಹಾಕಿದ್ದರು. ಆಗಲೇ ನಾನು ಅವರ ಮುಖವನ್ನು ಮೊದಲ ಸಲ ನೋಡಿದ್ದು. ತೆಳ್ಳಗಿನ ಮನುಷ್ಯ, ಉದ್ದ ಕತ್ತು, ಅಷ್ಟು ದೊಡ್ಡ ದನಿ ಇವರೊಳಗೆ ಎಲ್ಲಿತ್ತು ಎನ್ನುವ ಹಾಗಿದ್ದರು. ಕೈಮುಗಿದೆ. ಬಸ್ಸಿನಲ್ಲಿ ಹೇಳಿಕೊಂಡು ಬಂದಿದ್ದ ಮಾತುಗಳನ್ನು ಆಡಿದೆ, ತಡವಾಗಿ ತಿಳಿಯಿತು, ಒಂದು ಸಲ ಬಂದು ನೋಡಬೇಕಿತ್ತು ಎಂದೆಲ್ಲ. ಆಕೆ ತಲೆ ತಗ್ಗಿಸಿ ಕೇಳುತ್ತಿದ್ದರು. ಮುಗಿದ ಮೇಲೆ ತಲೆ ಎತ್ತಿ, "ಇವರು ಮಾಡಿ ತೋರಿಸ್ತಿದ್ರು. ಥೇಟ್ ಹೀಗೇ" ಎಂದರು.

"ಏನನ್ನಮ್ಮಾ?"

"ನಿಮ್ಮ ಮಾತನ್ನ. ಸ್ಟುಡಿಯೋದಲ್ಲಿ ಮೊದಲು ನಿಮ್ಮ ದನಿ ಕೇಳಿಸ್ಕೊಂಡೇ ಇವರು ಡಬ್ಬಿಂಗ್ ಮಾಡ್ಬೇಕಲ್ವಾ. ಮನೆಗೆ ಬಂದು ಹೇಳೋರು, ಅವರದೇ ಚೆನ್ನಾಗಿತ್ತು ಕಣೇ, ನಾನು ಅದಕ್ಕೆ ಇಸ್ತ್ರಿ ಹಾಕಿ ಕೊಡ್ತೀನಿ ಅಷ್ಟೇ ಅಂತ. ಒಂದ್ಸಲ ಏನೋ ಕೆಮ್ಮಿನ ವಿಷಯ ಹೇಳಿದ್ರು. ಅದು ಕೆಮ್ಮಲ್ಲ, ಅವರಿಗೆ ನನ್ನ ಮೇಲೆ ಬೇಜಾರಿದೆ, ಹೇಳ್ಲಿಲ್ಲ ಅಂದ್ರು. ತುಂಬಾ ದಿನ ಮನಸ್ಸಿಗೆ ಹಚ್ಕೊಂಡಿದ್ರು."

"ಪೋಟ್ಟೆ ಅಂತ ಹೇಳಿದ್ದೆ. ಹೋಗಲಿ ಬಿಡು ಅಂತ ಅರ್ಥ" ಎಂದೆ. ಆಕೆ ಫೋಟೋದ ಕಡೆ ತಿರುಗಿ, "ಕೇಳಿಸ್ತಾ?" ಎಂದರು.

ಕಾಫಿ ತಂದುಕೊಟ್ಟು, ಗಡಿಯಾರ ನೋಡಿ, "ನೀವು ತಪ್ಪು ತಿಳ್ಕೊಬಾರ್ದು" ಎಂದು ಸಂಕೋಚದಿಂದ ಟಿ.ವಿ. ಹಾಕಿದರು. ನಮ್ಮ ಧಾರಾವಾಹಿ ಮಧ್ಯಾಹ್ನ ಮರುಪ್ರಸಾರವಾಗುತ್ತಿತ್ತು. ಅವರು ಹೋಗುವ ಮೊದಲು ಡಬ್ಬಿಂಗ್ ಮುಗಿಸಿದ್ದ ಕಂತುಗಳು ಇನ್ನೂ ಬರುತ್ತಿದ್ದವು. ತೆರೆಯ ಮೇಲೆ ನಾನು ಊಟದ ಮೇಜಿನ ತುದಿಯಲ್ಲಿ ಕೂತು ಸೊಸೆಯಂದಿರಿಗೆ ಬುದ್ಧಿ ಹೇಳುತ್ತಿದ್ದೆ. ಆಕೆ ನೆಲದ ಮೇಲೆ ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿಕೊಂಡರು. ಕೇಳುತ್ತಿದ್ದರು. ನಾನು ಬೆತ್ತದ ಕುರ್ಚಿಯಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದೆ. ಸದ್ದಾದೀತೆಂದು ಕಾಫಿ ಲೋಟವನ್ನು ಕೆಳಗಿಡಲೂ ಇಲ್ಲ. ಆ ಅರ್ಧ ಗಂಟೆ, ಆ ಮನೆಯಲ್ಲಿ ನಾನು ಅವರ ಗಂಡನ ದನಿ ಹೊತ್ತುಕೊಂಡು ಬಂದ ಒಂದು ಮುಖ, ಅಷ್ಟೇ ಆಗಿದ್ದೆ. ಬೇಸರವಾಗಲಿಲ್ಲ. ಮೊದಲ ಸಲ ನಾನು ಆ ದನಿಯನ್ನು ಸಿಟ್ಟಿಲ್ಲದೆ ಕೇಳಿದೆ. ಎಷ್ಟು ಜೋಪಾನವಾಗಿ ನನ್ನ ಉಸಿರಿಗೆ ಉಸಿರು ಹೊಂದಿಸಿದ್ದರು! ನಾನು ಎಲ್ಲಿ ತಡವರಿಸಿದ್ದೆನೋ ಅಲ್ಲಿ ಅವರೂ ತಡವರಿಸಿದ್ದರು.

ಧಾರಾವಾಹಿಯವರಿಗೆ ಹೊಂದುವ ದನಿ ಸಿಗಲಿಲ್ಲ. ನಾನೇ ಮಾತಾಡಲೇ ಎಂದು ಕೇಳಿದೆ, ಅವರು ನಕ್ಕು "ಜನ ಒಪ್ಪಲ್ಲ ಸಾರ್" ಎಂದರು. ಪಾತ್ರವನ್ನು ಕಾಶಿಯಾತ್ರೆಗೆ ಕಳಿಸಿದರು. ಅಲ್ಲಿಂದ ಆತ ಮರಳಲೇ ಇಲ್ಲ. ಮೂರ್ನಾಡಿನ ಕೋಣೆಯಲ್ಲಿ ಎರಡು ವರ್ಷ ಕೆಲಸವಿಲ್ಲದೆ ಕಳೆದೆ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡಿಲ್ಲವೆಂದು ಮಲಗುವಾಗ ಹೊಳೆಯುತ್ತಿತ್ತು. ಆಗ ಗಂಟಲು ಸರಿ ಮಾಡಿಕೊಂಡು, ಗೋಡೆಯ ಕಡೆ ನೋಡಿ, ಏನಾದರೂ ಒಂದು ಹೇಳುತ್ತಿದ್ದೆ. ದನಿ ಇದೆಯೇ ಎಂದು ನೋಡಲಿಕ್ಕೆ.

ಆಮೇಲೆ ಒಬ್ಬ ಯುವ ನಿರ್ದೇಶಕಿ ಹುಡುಕಿಕೊಂಡು ಬಂದರು. ತಿತಿಮತಿಯಲ್ಲಿ ಚಿತ್ರೀಕರಣ, ಕೇರಳದಿಂದ ಬಂದು ಎಸ್ಟೇಟಿನಲ್ಲೇ ಮುದುಕನಾದ ಮೇಸ್ತ್ರಿಯ ಪಾತ್ರ. ಡಬ್ಬಿಂಗ್ ಇಲ್ಲ, ಅಲ್ಲಿ ಆಡಿದ ಮಾತೇ ಸಿನಿಮಾದಲ್ಲಿ ಇರುತ್ತದೆ ಎಂದರು. ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ.

ಮೊದಲ ದಿನ ಮೈಕ್ ಕಾಲರಿಗೆ ಸಿಕ್ಕಿಸಿ ಮಾತಾಡಿ ಎಂದರು. ಆಡಿದೆ. ನಿರ್ದೇಶಕಿ ಕಿವಿಯಿಂದ ಹೆಡ್‌ಫೋನ್ ತೆಗೆದು ಹತ್ತಿರ ಬಂದರು.

"ಸಾರ್, ಯಾರ ಥರ ಮಾತಾಡ್ತಿದೀರಿ?"

"ನನ್ನ ಥರಾನೇ."

"ಇಲ್ಲ ಸಾರ್. ಆಗ ಕಾಫಿ ಕುಡೀವಾಗ ನನ್ನ ಹತ್ರ ಮಾತಾಡಿದ್ರಲ್ಲ, ಅದು ಬೇಕು."

ಆಗ ತಿಳಿಯಿತು. ನಾನು ದನಿ ತಗ್ಗಿಸಿ, ಎದೆಯಿಂದ ತೆಗೆದು, ಒಂದೊಂದೇ ಅಕ್ಷರ ಬಿಡಿಸಿ, ಆ ಹೋದವರ ಹಾಗೆ ಮಾತಾಡುತ್ತಿದ್ದೆ. ಹನ್ನೊಂದು ಟೇಕ್ ಆಯಿತು. ಕಡೆಗೆ ಸಾಕಾಗಿ, "ಏನಮ್ಮಾ ನೀವು, ಈ ಮುದುಕನನ್ನು ಕೊಲ್ಲುತ್ತೀರಾ" ಎಂದು ಸಿಡುಕಿದೆ. "ಇದೇ! ಇದೇ ದನಿ!" ಎಂದು ಅವರು ಕೂಗಿದರು. ಎಲ್ಲರೂ ನಕ್ಕರು. ಆ ನಗು ಕೆಟ್ಟದಾಗಿರಲಿಲ್ಲ.

ಸಿನಿಮಾ ಒಂದು ವಾರ ಓಡಿತು. ಮಡಿಕೇರಿಯಲ್ಲಿ ಒಬ್ಬನೇ ಹೋಗಿ ನೋಡಿದೆ. ನನ್ನ ಮುಖದಿಂದ ನನ್ನ ದನಿ ಬಂದಾಗ ನನಗೇ ಅದು ಸಣ್ಣದೆನಿಸಿತು, ಮುಪ್ಪಾದದ್ದೆನಿಸಿತು. ಯಾರೂ ನಗಲಿಲ್ಲ. ಹೊರಗೆ ಬಂದಾಗ ಮಫ್ಲರ್ ಸುತ್ತಿಕೊಂಡ ಒಬ್ಬರು ಕೈ ಕುಲುಕಿ, "ಆ್ಯಕ್ಟಿಂಗ್ ಸೂಪರ್ ಸಾರ್. ಆದ್ರೆ ಈ ಸಲ ನಿಮಗೆ ಯಾರು ಡಬ್ಬಿಂಗ್ ಮಾಡಿದ್ದು? ಸೂಟ್ ಆಗಿಲ್ಲ" ಎಂದರು. ಅವರ ಮುಖದಲ್ಲಿ ನಿಜವಾದ ಕಾಳಜಿ ಇತ್ತು. ನಾನು ತಲೆಯಾಡಿಸಿ, "ಹೊಸಬರು" ಎಂದೆ.

ಕೆಲವು ತಿಂಗಳಾದ ಮೇಲೆ ಸಿನಿಮಾ ಮೊಬೈಲಿನಲ್ಲಿ ನೋಡಲು ಸಿಗುವ ಹಾಗಾಯಿತು. ಬೆಂಗಳೂರಿನ ಆಕೆಗೆ ಫೋನ್ ಮಾಡಿ ಹೇಳಿದೆ. ಎರಡು ದಿನ ಬಿಟ್ಟು ಅವರೇ ಮಾಡಿದರು.

"ನೋಡಿದೆ. ತುಂಬಾ ಚೆನ್ನಾಗಿ ಮಾಡಿದೀರಿ."

"ಪೂರ್ತಿ ನೋಡಿದ್ರಾ ಅಮ್ಮಾ?"

"ಇಲ್ಲ" ಎಂದರು. "ಅರ್ಧಕ್ಕೆ ನಿಲ್ಲಿಸ್ಬಿಟ್ಟೆ. ನೀವು ಬಾಯಿ ತೆಗೆದಾಗೆಲ್ಲ ಇವರು ಮಾತಾಡ್ತಾರೆ ಅಂತ ಕಾಯ್ತಿದ್ದೆ. ಆಗ್ಲಿಲ್ಲ ನನ್ನ ಕೈಲಿ. ನೀವು ಬೇಜಾರು ಮಾಡ್ಕೊಬಾರ್ದು."

"ಇಲ್ಲಮ್ಮ" ಎಂದೆ. ನಿಜಕ್ಕೂ ಆಗಿರಲಿಲ್ಲ. ಮಡಿಕೇರಿಯಲ್ಲಿ ನೋಡುವಾಗ ನಾನೂ ಅವರ ದನಿಯನ್ನೇ ಕಾದಿದ್ದೆ ಎಂದು ಹೇಳಿದೆ.

ಆಮೇಲೆ ಭಾನುವಾರ ಬೆಳಿಗ್ಗೆ ಫೋನ್ ಮಾಡುವುದು ರೂಢಿಯಾಯಿತು. ಸಾರಿಗೆ ಏನು ಹಾಕಿದಿರಿ, ನೀರು ಬಂತೇ, ಮಂಡಿ ನೋವು ಹೇಗಿದೆ, ಇಂಥವೇ. ಸಿನಿಮಾದ ವಿಷಯ ಇಬ್ಬರೂ ಎತ್ತುವುದಿಲ್ಲ. ಈಗ ಅವರು ಮಗಳ ಹೆರಿಗೆಗೆಂದು ಹುಬ್ಬಳ್ಳಿಗೆ ಹೋಗಿದ್ದಾರೆ, ಮಗು ಮಲಗಿರುತ್ತದೆ, ಮೂರು ತಿಂಗಳು ಫೋನ್ ಬೇಡ ಎಂದಿದ್ದಾರೆ. ನಿನ್ನೆ ಭಾನುವಾರ. ಬೆಳಿಗ್ಗೆ ತಿಂಡಿ ಮುಗಿಸಿ ವಿರಾಜಪೇಟೆಗೆ ಹೋಗುವ ಬಸ್ಸು ಹತ್ತಿದೆ. ಅಲ್ಲಿ ಕೆಲಸವೇನೂ ಇರಲಿಲ್ಲ, ಯಾರಾದರೂ ಮಾತಿಗೆ ಸಿಕ್ಕಾರು ಎಂದಷ್ಟೇ. ಪಕ್ಕದಲ್ಲಿ ಕೂತವರು ಎಲ್ಲಿಗೆ ಎಂದು ಕೇಳಿದರು. ಹೇಳಿದೆ. ಅವರೂ ಅಲ್ಲಿಗೇ, ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಿದ್ದರು. ನನ್ನ ಮುಖ ಅವರಿಗೆ ಗುರುತು ಸಿಗಲಿಲ್ಲ, ದೃಷ್ಟಿ ಮಂಜಾಗಿತ್ತು; ಅವರಿಗೆ ಸಿಕ್ಕಿದ್ದು ನನ್ನ ದನಿಯಷ್ಟೇ. ಇಳಿಯುವವರೆಗೂ ಇಬ್ಬರೂ ಮಾತಾಡುತ್ತಾ ಹೋದೆವು.